ಕೊಳೆ ಸುಳ್ಳು ಹೇಳಲ್ಲ

ಬಸ್ ಡಿಪೋದಲ್ಲಿ ಆಕೆಯ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಆಕೆ ಪೈಪಕ್ಕ. ಇಪ್ಪತ್ತೊಂಬತ್ತು ವರ್ಷ ನೀರಿನ ಪೈಪು ಹಿಡಿದು ಬಸ್ಸು ತೊಳೆದವಳಿಗೆ ಇನ್ನೇನು ಹೆಸರಿಟ್ಟಾರು? ಆಕೆಗೂ ಅದರ ಬಗ್ಗೆ ಬೇಸರವಿರಲಿಲ್ಲ. ಮ್ಯಾನೇಜರನನ್ನು ಹಿಂದಿನಿಂದ ಏನೇನೋ ಕರೆಯುತ್ತಿದ್ದ ಜನ ತನ್ನನ್ನು ಎದುರಿಗೇ ಅಕ್ಕ ಎನ್ನುತ್ತಾರಲ್ಲ, ಅಷ್ಟು ಸಾಕು ಎನ್ನುತ್ತಿದ್ದಳು.

ಬಸ್ಸು ತೊಳೆಯುವುದೇನು ಮಹಾ ವಿದ್ಯೆ ಎಂದು ಮೂಗು ಮುರಿಯುವವರು ಪೈಪಕ್ಕನನ್ನು ಒಂದು ದಿನವಾದರೂ ನೋಡಬೇಕಿತ್ತು. ನೀರು ಬಿಡುವ ಮುಂಚೆ ಆಕೆ ಎರಡೂ ಕೈ ಹಿಂದೆ ಕಟ್ಟಿಕೊಂಡು ಬಸ್ಸಿನ ಸುತ್ತ ಒಂದು ಸುತ್ತು ಬರುತ್ತಿದ್ದಳು. ಇದಕ್ಕೆ ಆಕೆ ಇಟ್ಟ ಹೆಸರು 'ಗಾಡಿ ಓದೋದು'. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ಬಸ್ಸಿನ ಮೈಮೇಲಿನ ಕೊಳೆಯನ್ನು ಪೇಪರಿನ ಹಾಗೆ ಓದುತ್ತಿದ್ದಳು. ಕೆಂಪು ಮಣ್ಣಿದ್ದರೆ ಇಟ್ಟಿಗೆ ಗೂಡಿನ ದಾರಿ, ಬಿಳಿ ಪುಡಿಯಿದ್ದರೆ ಸಿಮೆಂಟ್ ಕಾರ್ಖಾನೆ ದಾರಿ, ಮುಂದಿನ ಗಾಜಿನ ತುಂಬ ಹುಳ ಸತ್ತಿದ್ದರೆ ಕೆರೆ ಏರಿಯ ದಾರಿ.

ಒಮ್ಮೆ ಒಬ್ಬ ಡ್ರೈವರು ಕೊನೇ ಸ್ಟಾಪಿನ ತನಕ ಹೋಗಿಬಂದೆ ಎಂದು ಬರೆಸಿ, ಟೀ ಕುಡಿಯುತ್ತ ನಿಂತಿದ್ದ. ಪೈಪಕ್ಕ ಚಕ್ರದ ಒಳಬದಿಗೆ ಕೈ ಹಾಕಿ, ಬೆರಳು ನೋಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಸಿಮೆಂಟ್ ಕಾರ್ಖಾನೆ ದಾಟಿದ್ರೆ ಇಲ್ಲಿ ಬಿಳಿ ಪುಡಿ ಇರ್ಬೇಕಿತ್ತಲ್ಲಪ್ಪಾ. ಅರ್ಧ ದಾರೀಲೇ ತಿರುಗಿಸ್ಕೊಂಡ್ ಬಂದ್ಯೇನೋ?" ಡ್ರೈವರು ಟೀ ಲೋಟ ಅಲ್ಲೇ ಇಟ್ಟು ಜಾರಿಕೊಂಡ. "ಕೊಳೆ ಸುಳ್ಳು ಹೇಳಲ್ಲ, ಮನುಷ್ಯರು ಹೇಳ್ತಾರೆ. ತೊಳೆದು ಪಾಲಿಷ್ ಹೊಡೆದ ಗಾಡೀನ ಮಾತ್ರ ನಂಬಬೇಡಿ, ಅದು ಮುಖಕ್ಕೆ ಪೌಡರ್ ಹಾಕ್ಕೊಂಡು ಬಂದಿರುತ್ತೆ" ಎಂದಳು. ಅವತ್ತಿನಿಂದ ಈ ಮಾತು ಡಿಪೋದಲ್ಲಿ ಗಾದೆಯಾಯಿತು. ಮನೆಯಲ್ಲೂ ಅಷ್ಟೇ, ತರಕಾರಿ ಕೊಳ್ಳುವಾಗಲೂ ಮಣ್ಣು ಮೆತ್ತಿದ್ದನ್ನೇ ಆರಿಸುತ್ತಿದ್ದಳು.

ಇಷ್ಟು ದೊಡ್ಡ ದೊಡ್ಡ ಬಸ್ಸುಗಳನ್ನು ಕತ್ತೆತ್ತಿ ನೋಡಿ ನೋಡಿ ಆಕೆಗೊಂದು ಆಸೆ ಹುಟ್ಟಿತ್ತು. ನೆಲಕ್ಕೆ ಅಂಟಿಕೊಂಡಂತೆ ಕೂತಿರುವ, ಎರಡೇ ಬಾಗಿಲಿನ, ಗುರ್ ಅನ್ನುವ ಕಾರು. ಸ್ಪೋರ್ಟ್ಸ್ ಕಾರು. ಈ ವಯಸ್ಸಿನಲ್ಲಿ ಬೇರೆ ಹೆಂಗಸರು ಬಳೆ ಮಾಡಿಸಿಕೊಳ್ಳುತ್ತಾರೆ, ಇವಳಿಗೆ ಇದು. ತೊಳೆದ ಬಸ್ಸುಗಳನ್ನು ಸಾಲಿಗೆ ತಂದು ನಿಲ್ಲಿಸುತ್ತ ನಿಲ್ಲಿಸುತ್ತ ಡ್ರೈವಿಂಗ್ ಚೆನ್ನಾಗಿಯೇ ಕಲಿತಿದ್ದಳು, ಲೈಸೆನ್ಸೂ ಇತ್ತು. ಇಲ್ಲದ್ದು ಗಾಡಿ ಮಾತ್ರ. ನಿವೃತ್ತಿಯಾಗಿ ಕೈಗೊಂದು ಗಂಟು ಬಂದ ವಾರವೇ, "ಹಳೇದಾದ್ರೂ ಪರ್ವಾಗಿಲ್ಲ, ನನಗೊಂದು ನೋಡೋ" ಎಂದು ತಮ್ಮನಿಗೆ ಹೇಳಿದಳು.

ತಮ್ಮ ಟಿಂಕರ್. ಗುದ್ದಿಸಿಕೊಂಡ ಕಾರುಗಳ ತಗ್ಗುಗಳನ್ನು ಸುತ್ತಿಗೆಯಿಂದ ತಟ್ಟಿ ಎಬ್ಬಿಸಿ, ಪಟ್ಟಿ ಮೆತ್ತಿ, ಬಣ್ಣ ಹೊಡೆಯುವ ಕೆಲಸ. ಪಟ್ಟಿ ಎಂದರೆ ತಗಡಿನ ತಗ್ಗು ತುಂಬುವ ಮೇಣದಂಥ ಹಿಟ್ಟು. ಒಣಗಿದ ಮೇಲೆ ಕಲ್ಲಾಗುತ್ತದೆ. ಊರಾಚೆಯ ರಸ್ತೆಯಲ್ಲಿ ಅವನದೇ ಒಂದು ಶೆಡ್ಡಿತ್ತು. ಅಕ್ಕನಿಗಿಂತ ಒಂಬತ್ತು ವರ್ಷ ಚಿಕ್ಕವನು. ಅಪ್ಪ ಹೋದ ಮೇಲೆ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯಲು ಹೋಗುತ್ತಿದ್ದಳು, ಇವನಿಗೆ ಉಣಿಸಿ ತಿನ್ನಿಸಿ ಬೆಳೆಸಿದವಳು ಪೈಪಕ್ಕನೇ. ಹಾಗಾಗಿ ಅವನು ಬಾಗಿಲಲ್ಲಿ ಕಂಡರೆ ಆಕೆಯ ಬಾಯಿಂದ ಬರುವ ಮೊದಲ ಮಾತು ಒಂದೇ: "ಊಟ ಆಯ್ತೇನೋ?" ಜಗಳವಾಡಿಕೊಂಡು ಬಂದಿರಲಿ, ಬೆಳಗ್ಗೆ ಏಳು ಗಂಟೆಯಾಗಿರಲಿ, ಅಮ್ಮನ ಹೆಣ ಇನ್ನೂ ಮನೆಯಲ್ಲೇ ಇದ್ದ ದಿನವಿರಲಿ, ಅದೇ ಮಾತು. ಅವನಿಗೀಗ ನಲವತ್ತೊಂಬತ್ತು, ತಲೆ ಅರ್ಧ ಬೋಳು. ಆದರೂ ಅದೇ ಮಾತು.

ಅಕ್ಕ ಕೇಳಿದ ಹತ್ತೇ ದಿನಕ್ಕೆ ತಮ್ಮ ಫೋನ್ ಮಾಡಿದ. ಪೈಪಕ್ಕ ಆಟೋ ಹಿಡಿದು ಓಡಿದಳು. ಶೆಡ್ಡಿನ ಹಿಂದಿನ ಮೂಲೆಯಲ್ಲಿ, ಬೆಳಕು ಸರಿಯಾಗಿ ಬೀಳದ ಜಾಗದಲ್ಲಿ, ಅದು ನಿಂತಿತ್ತು. ನಿಂತಿತ್ತೋ ಹೂತಿತ್ತೋ! ಟಾಪಿನಿಂದ ಚಕ್ರದವರೆಗೆ ಕೆಸರು. ಕಿಟಕಿ ಯಾವುದು, ಬಾಗಿಲು ಯಾವುದು ಎಂದು ಹುಡುಕಬೇಕಿತ್ತು. ತಮ್ಮ ಬಾನೆಟ್ಟಿನ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ತೋರಿಸಿದ. ಒಳಗಿಂದ ಕೆಂಪು ಬಣ್ಣ ಇಣುಕಿತು. ಆಕೆ ಬಗ್ಗಿ ಆ ಕೆಂಪನ್ನು ಬೆರಳಿನಿಂದ ಮುಟ್ಟಿದಳು.

"ಹಳೇ ಮಾಲೀಕ ಮಣ್ಣು ರಸ್ತೇಲೆಲ್ಲ ಓಡಿಸಿ, ಹಾಗೇ ತಂದು ಬಿಟ್ಟು ಹೋದ. ಒಂದು ಗೀರು ಬಿದ್ದಿಲ್ಲ ಅಕ್ಕ, ಒಂದೇ ಕೈ ಓಡಿಸಿರೋ ಗಾಡಿ," ಎಂದ ತಮ್ಮ. ಆಮೇಲೆ ನಗುತ್ತ ಸೇರಿಸಿದ: "ಬೇಕಂತಲೇ ತೊಳೆದಿಲ್ಲ. ತೊಳೆದಿಟ್ರೆ ನೀನು ನಂಬಲ್ಲ ಅಂತ ಗೊತ್ತಿಲ್ವಾ ನಂಗೆ?"

ಪೈಪಕ್ಕನ ಕಣ್ಣು ಒದ್ದೆಯಾಯಿತು. ತನ್ನ ಮಾತನ್ನು ಇವನು ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ! ಅವತ್ತು ಆಕೆ ಗಾಡಿ ಓದಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಸುತ್ತು ಬರಲಿಲ್ಲ. ಬೇರೆಯವರ ಶೆಡ್ಡಾಗಿದ್ದರೆ ಮೂರು ಸುತ್ತು ಬರುತ್ತಿದ್ದಳು. ಇದು ತಮ್ಮನ ಶೆಡ್ಡು. ಇಲ್ಲೂ ಅನುಮಾನ ಪಟ್ಟರೆ ನಾಲಿಗೆಯಲ್ಲಿ ಹುಳ ಬೀಳುತ್ತದೆ ಎಂದುಕೊಂಡಳು. ಗಂಟು ಬಿಚ್ಚಿ ಅವನ ಕೈಗೆ ಕೊಟ್ಟೇ ಬಂದಳು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್ನು. ಮಾತು ಕಡಿಮೆ, ಆಡಿದರೆ ಸೂಜಿ. ಶನಿವಾರ ಸಂಜೆ ಭಾವಮೈದ ಮುಂದಿನ ಗಾಜು ಮಾತ್ರ ಒರೆಸಿಕೊಂಡು ಗಾಡಿ ತಂದು ಮನೆಯ ಮುಂದೆ, ಗೋಡೆಗೆ ಒತ್ತಿ ನಿಲ್ಲಿಸಿ ಹೋದಾಗ ಕನ್ನಡಕದ ಮೇಲಿಂದ ನೋಡಿದ.

"ಎರಡೇ ಸೀಟಾ?"

"ಹೂಂ. ಸ್ಪೋರ್ಟ್ಸ್ ಕಾರು ಅಂದ್ರೆ ಹಂಗೇ ರೀ."

"ನೀನು ಓಡಿಸ್ತೀಯ. ಪಕ್ಕದಲ್ಲಿ?"

"ಮೊದಲ್ನೇ ಸಲ ತಮ್ಮನ್ನ ಕೂರಿಸ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದೀನಿ. ನಾಳೆ ನಾಲ್ಕು ಗಂಟೆಗೆ ಬರ್ತಾನೆ."

"ಹಾಗಾದ್ರೆ ನಾನು ಡಿಕ್ಕೀಲಿ," ಎಂದು ದರ್ಜಿ ಮತ್ತೆ ಕಾಜಾ ಹೊಲಿಯಲು ಕೂತ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ ಹೇಳಿದ: "ನನ್ ಹತ್ರ ಬಟ್ಟೆ ತಂದ್ರೆ ಮೊದ್ಲು ಒಳಗಡೆ ತಿರುಗಿಸಿ ಹೊಲಿಗೆ ನೋಡ್ತೀನಿ. ನೀನು ನೋಡಿದ್ಯಾ?"

"ನಿಮಗೆ ನನ್ ತಮ್ಮನ್ನ ಕಂಡ್ರೆ ಮೊದ್ಲಿಂದ್ಲೂ ಆಗಲ್ಲ," ಎಂದು ಪೈಪಕ್ಕ ಒಳಗೆ ಹೋದಳು. ಅಲ್ಲಿಗೆ ಆ ಮಾತು ಮುಗಿಯಿತು.

ಭಾನುವಾರ ಬೆಳಗ್ಗೆ ಎಂಟಕ್ಕೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಇಳಿದಳು. ಎರಡು ಬಕೆಟ್ಟು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಸ್ಪಂಜು ಜಾಲಿಸಲು ಬರೀ ನೀರು. ದರ್ಜಿಯ ಹೊಲಿಗೆ ಕೋಣೆಯಿಂದ ಬನಿಯನ್ ಬಟ್ಟೆಯ ಚೂರುಗಳು. ಹೊಳಪಿಗೆ ಹಚ್ಚುವ ವ್ಯಾಕ್ಸಿನ ಡಬ್ಬಿಯಂತೂ ಹೊಸದು. ಡಿಪೋದವರು ಬೀಳ್ಕೊಡುವಾಗ ಶಾಲಿನ ಜೊತೆ ತಮಾಷೆಗೆ ಕೊಟ್ಟದ್ದು. ಶಾಲು ಬೀರುವಿನಲ್ಲಿತ್ತು, ಡಬ್ಬಿಯನ್ನು ಆಕೆ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಒಣ ಕೆಸರನ್ನು ಉಜ್ಜಬಾರದು, ಬಣ್ಣ ಗೀಚುತ್ತದೆ, ಮೊದಲು ನೆನೆಸಬೇಕು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಟಾಪಿನ ಮೇಲೆ ಹನಿಹನಿಯಾಗಿ ನೀರು ಬಿಟ್ಟಳು. ದಾರಿಯ ಕೊಳೆ ಪದರ ಪದರವಾಗಿ ಬಿಡುತ್ತದೆ ಎನ್ನುವುದು ಆಕೆಗೆ ಗೊತ್ತು: ಮೊದಲು ಧೂಳು, ಆಮೇಲೆ ಮಣ್ಣು, ಕೊನೆಗೆ ಎಣ್ಣೆಜಿಡ್ಡು. ಇಲ್ಲಿ ಹಾಗಾಗಲಿಲ್ಲ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ; ಆಮೇಲೆ ಅಂಗೈಯಗಲದ ಕೆಸರಿನ ಹಕ್ಕಳೆ ಒಂದು ಇಡಿಯಾಗಿ ಜಾರಿ ಕೆಳಗೆ ಬಿತ್ತು. ಅದರ ಹಿಂದೆ ಇನ್ನೊಂದು. ಚರಂಡಿಗೆ ಹರಿದ ನೀರು ಮಣ್ಣಿನ ಬಣ್ಣವಿರುವ ಬದಲು ಹಾಲು ಬೆರೆಸಿದಂತೆ ಬೆಳ್ಳಗಿತ್ತು.

ಪೈಪಕ್ಕ ಪೈಪು ಕೆಳಗಿಟ್ಟಳು. ಯಾವ ದಾರಿಯ ಮಣ್ಣಪ್ಪಾ ಇದು? ಬಾನೆಟ್ಟಿನ ಮುಂದೆ ಬಗ್ಗಿ ನೋಡಿದಳು. ಅಷ್ಟು ದೂರ ಓಡಿದ ಗಾಡಿಯಾದರೆ ಮೂತಿಯ ತುಂಬ ಹುಳ ಸತ್ತಿರಬೇಕು. ಒಂದೂ ಇರಲಿಲ್ಲ. ಚಕ್ರದ ಒಳಬದಿಗೆ ಕೈ ಹಾಕಿದಳು. ಕೆಸರು ಮೊದಲು ತುಂಬಿಕೊಳ್ಳುವುದೇ ಅಲ್ಲಿ. ಬರೀ ಜೇಡರ ಬಲೆ ಕೈಗೆ ಬಂತು. ಟಾಪಿನ ಮೇಲೆ ಬೆರಳು ದಪ್ಪ ಕೆಸರು, ಚಕ್ರದ ಹಿಂದೆ ಜೇಡರ ಬಲೆ! ಮೇಲಿನಿಂದ ಕೆಸರಿನ ಮಳೆ ಸುರಿದಿತ್ತೇನು?

ಎಲ್ಲೋ ಮಣ್ಣು ಕುಸಿದು ಮೈಮೇಲೆ ಬಿದ್ದಿರಬೇಕು ಎಂದುಕೊಂಡಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಡ್ರೈವರಿಗೂ ಇಷ್ಟು ಸುಲಭವಾಗಿ ನೆಪ ಒದಗಿಸಿಕೊಟ್ಟವಳಲ್ಲ. ತನ್ನ ತಮ್ಮನಾದ್ದರಿಂದ ನೆಪ ತಾನಾಗಿಯೇ ಬಾಯಿಗೆ ಬಂತು.

ಡ್ರೈವರ್ ಕಡೆಯ ಬದಿ ತೊಳೆಯುತ್ತಿದ್ದಂತೆ ಮನಸ್ಸು ಮತ್ತೆ ಅರಳಿತು. ಎಂಥ ಕೆಂಪು! ಸ್ಪಂಜು ಹರಿದಾಡಿದಲ್ಲೆಲ್ಲ ಬಿಸಿಲು ಜಾರುತ್ತಿತ್ತು. ಬಾಗಿಲನ್ನು ಬೆರಳಗಂಟಿನಿಂದ ತಟ್ಟಿದರೆ ಟಣ್ ಎಂದು ತೆಳ್ಳಗಿನ ತಗಡಿನ ಸದ್ದು. "ರೀ, ಬಂದು ನೋಡ್ರೀ," ಎಂದು ಕೂಗಿದಳು. ದರ್ಜಿ ಹೊರಗೆ ಬಂದು, ಅಳತೆ ಪಟ್ಟಿ ಕೊರಳಲ್ಲಿ ಹಾಕಿಕೊಂಡೇ ನಿಂತು, "ಚೆನ್ನಾಗಿದೆ" ಎಂದ. ಅವನ ಬಾಯಲ್ಲಿ ಅದು ದೊಡ್ಡ ಭಾಷಣ. ಪೈಪಕ್ಕ ಹಿಗ್ಗಿದಳು, ಹನ್ನೆರಡು ವರ್ಷದ ಹುಡುಗಿಯ ಹಾಗೆ ನಕ್ಕಳು. ಆ ನಗುವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಬದಿ ಗೋಡೆಗೆ ಒತ್ತಿಕೊಂಡಿತ್ತು. ನಡುವೆ ಒಬ್ಬರು ತೂರುವುದೂ ಕಷ್ಟ. ಇಷ್ಟಗಲ ರಸ್ತೆಯಿರುವಾಗ ಇವನು ಹೀಗೇಕೆ ನಿಲ್ಲಿಸಿದ ಎಂದು ಗೊಣಗುತ್ತ ಗಾಡಿ ಸ್ಟಾರ್ಟ್ ಮಾಡಿ ಎರಡು ಮಾರು ಮುಂದಕ್ಕೆ ತಂದಳು. ಈ ಕಡೆಯ ಕೆಸರು ಇನ್ನೂ ದಪ್ಪ. ಬಿಸಿಲು ಓರೆಯಾಗಿ ಬಿದ್ದಾಗ ಅದರ ಮೇಲೆ ಗೀರುಗಳು ಕಂಡವು, ಸಾಲುಸಾಲಾಗಿ, ಸುತ್ತುಸುತ್ತಾಗಿ. ಗೋಡೆಗೆ ಸುಣ್ಣ ಬಳಿದ ಬ್ರಷ್ಷಿನ ಗೀರಿನಂತಿದ್ದವು.

ಆಕೆ ಪೈಪು ಎತ್ತಿಕೊಂಡಳು. ನೀರು ಬಿಟ್ಟಳು. ಹಕ್ಕಳೆಗಳು ಬಿದ್ದವು. ಬಾಗಿಲು ಬಂತು, ಹಿಂದಿನ ಮಡ್‌ಗಾರ್ಡ್ ಬಂತು. ಇಲ್ಲಿಯೂ ಕೆಂಪೇ. ಆದರೆ ಒಂದು ಕೂದಲೆಳೆ ಬೇರೆ ಕೆಂಪು. ಬೆರಳಗಂಟಿನಿಂದ ತಟ್ಟಿದಳು. ದಬ್. ಇನ್ನೊಂದು ಕಡೆ ತಟ್ಟಿದಳು. ದಬ್, ದಬ್.

ಹಿಂದೆ ಯಾರೋ ನಿಂತಂತಾಯಿತು. ದರ್ಜಿ. ಕೈ ಚಾಚಿದ. ಅಂಗೈಯಲ್ಲಿ ಅವನ ಅಯಸ್ಕಾಂತ, ನೆಲಕ್ಕೆ ಬಿದ್ದ ಸೂಜಿಗಳನ್ನು ಆರಿಸುವ ಕುದುರೆ ಲಾಳದಂಥದ್ದು. ಪೈಪಕ್ಕ ಅದನ್ನು ತೆಗೆದುಕೊಂಡು ಮೊದಲು ಡ್ರೈವರ್ ಕಡೆಗೆ ಹೋದಳು. ಬಾಗಿಲಿಗೆ ಹಿಡಿದೊಡನೆ ಟಪ್ಪೆಂದು ಕಚ್ಚಿಕೊಂಡಿತು. ಕಿತ್ತು ಈ ಕಡೆಗೆ ತಂದಳು. ಬಾಗಿಲಿಗೆ ಇಟ್ಟು ಕೈ ಬಿಟ್ಟಳು. ನೆಲಕ್ಕೆ ಬಿತ್ತು. ಒಂದು ಗೇಣು ಮೇಲಿಟ್ಟಳು, ಬಿತ್ತು. ಮಡ್‌ಗಾರ್ಡಿಗೆ, ಬಾಗಿಲ ಹಿಂದಿನ ಕಂಬಕ್ಕೆ, ಟಾಪಿನ ಅಂಚಿಗೆ ಇಟ್ಟಳು. ಎಲ್ಲಿಟ್ಟರೂ ಬಿತ್ತು. ಈ ಬದಿಯಲ್ಲಿ ತಗಡೆಂಬುದು ಹೆಸರಿಗೆ ಮಾತ್ರ, ಉಳಿದದ್ದೆಲ್ಲ ಪಟ್ಟಿ. ಗಾಡಿ ಎಲ್ಲೋ ಮಗುಚಿಬಿದ್ದು ಒಂದು ಮಗ್ಗುಲು ಪೂರ್ತಿ ಜಜ್ಜಿಹೋಗಿತ್ತು.

"ಅವನಿಗೂ ಗೊತ್ತಿರ್ಲಿಲ್ವೇನೋ ರೀ," ಎಂದಳು. "ಹಳೇ ಮಾಲೀಕ ಅವನಿಗೇ ಟೋಪಿ ಹಾಕಿರ್ಬೇಕು."

"ಮೂವತ್ತು ವರ್ಷ ಪಟ್ಟಿ ಮೆತ್ತಿದವನಿಗೆ?" ಎಂದ ದರ್ಜಿ. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟ.

"ಕೆಸರು ಅಷ್ಟು ಮೆತ್ತಿತ್ತಲ್ಲ, ಅವನಿಗೂ ಕಂಡಿರಲ್ಲ." ಇದನ್ನು ಆಕೆ ಗಂಡನಿಗಲ್ಲ, ತನಗೇ ಹೇಳಿಕೊಂಡದ್ದು. ಗಾಡಿ ಹೋದರೆ ಹೋಗಲಿ. ಬಸ್ಸು ತೊಳೆದವಳಿಗೆ ಜಜ್ಜಿದ ಕಾರಿನಿಂದ ಪ್ರಾಣವೇನೂ ಹೋಗುವುದಿಲ್ಲ. ಆದರೆ ಗೊತ್ತಿದ್ದೂ ಕೊಟ್ಟನೋ, ಗೊತ್ತಿಲ್ಲದೆ ಕೊಟ್ಟನೋ? ಅವಳಿಗೆ ಬೇಕಿದ್ದದ್ದು ಇದೊಂದೇ. ಗೊತ್ತಿಲ್ಲದೆ ಎಂಬ ಒಂದು ಗುರುತು ಸಿಕ್ಕಿದ್ದರೆ ಆ ಗಾಡಿಯನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಳು. ಆ ಗುರುತಿಗಾಗಿಯೇ ಇಂಚಿಂಚೂ ಹುಡುಕುತ್ತ ಮತ್ತೆ ತೊಳೆಯತೊಡಗಿದಳು.

ಸಿಕ್ಕಿತು. ಆದರೆ ಬೇರೆ ಗುರುತು.

ಬಾಗಿಲ ಹಿಡಿಯ ಹಿಂದಿನ ಸಂದಿಯಲ್ಲಿ ನೀರು ತಲುಪಿರಲಿಲ್ಲ. ಬಟ್ಟೆ ಸುತ್ತಿದ ಬೆರಳು ತೂರಿಸಿದಾಗ ಒಂದು ಗಟ್ಟಿ ಉಂಡೆ ಹೊರಗೆ ಬಂತು, ಗೋಲಿಯಷ್ಟು. ಮಣ್ಣು ಸರಿಯಾಗಿ ಬೆರೆಯದೆ ಉಳಿದುಬಿಟ್ಟ ಅಂಟು. ಮೈದಾ ಕುದಿಸಿ ಮಾಡಿದ ಅಂಟು. ಉಗುರಿನಿಂದ ಒಡೆದಳು. ಒಳಗೆ ತಿಳಿ ನೀಲಿ. ಮೈಲುತುತ್ತ.

ಆಕೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು.

ಅಪ್ಪ ಹೋದ ವರ್ಷ ಅಕ್ಕ ತಮ್ಮ ಇಬ್ಬರೂ ಹಳೇ ಪೇಪರು ಮಡಚಿ ಪೊಟ್ಟಣ ಅಂಟಿಸಿ ಅಂಗಡಿಗಳಿಗೆ ಕೊಡುತ್ತಿದ್ದರು. ಮೊದಲ ಸಲ ಮಾಡಿದ ಪೊಟ್ಟಣಗಳನ್ನೆಲ್ಲ ಒಂದೇ ವಾರದಲ್ಲಿ ಜಿರಲೆ ತಿಂದು ಹಾಕಿದವು. ಪುಸ್ತಕ ಬೈಂಡು ಮಾಡುವ ಮುದುಕನೊಬ್ಬ ಉಪಾಯ ಹೇಳಿಕೊಟ್ಟ: ಅಂಟು ಕುದಿಯುವಾಗ ಉಗುರಿನಷ್ಟು ಮೈಲುತುತ್ತ ಹಾಕು, ಹುಳ ಹತ್ತಿರ ಸುಳಿಯಲ್ಲ. ತಮ್ಮನಿಗೆ ಆಗ ಆರು. ಹಸಿವಾಗಿ ಆ ಅಂಟು ನೆಕ್ಕಿಬಿಟ್ಟಿದ್ದ, ರಾತ್ರಿಯೆಲ್ಲ ವಾಂತಿ. ಅಕ್ಕ ಅವನನ್ನು ಹೊಡೆದಳು, ಆಮೇಲೆ ತಬ್ಬಿಕೊಂಡು ಅವನಿಗಿಂತ ಜಾಸ್ತಿ ಅತ್ತಳು. 'ಊಟ ಆಯ್ತೇನೋ' ಎಂದು ಕೇಳುವ ಚಾಳಿ ಶುರುವಾದದ್ದು ಮಾರನೇ ದಿನದಿಂದ. ಅವನು ದೊಡ್ಡವನಾದ ಮೇಲೂ ಯಾತಕ್ಕೇ ಅಂಟು ಮಾಡಲಿ, ಉಗುರಿನಷ್ಟು ಮೈಲುತುತ್ತ ಹಾಕದೆ ಒಲೆಯಿಂದ ಇಳಿಸುತ್ತಿರಲಿಲ್ಲ.

ನುಣುಪಾಗಿ ಬಣ್ಣ ಹೊಡೆದ ಮೈಗೆ ಬರೀ ಕೆಸರು ನಿಲ್ಲುವುದಿಲ್ಲ. ಅಂಟು ಕುದಿಸಿ, ಮಣ್ಣು ಕಲಸಿ, ಸುಣ್ಣದ ಬ್ರಷ್ಷಿನಲ್ಲಿ ಬಳಿದಿದ್ದಾನೆ. ಪಟ್ಟಿ ಇರುವ ಕಡೆ ಎರಡು ಕೈ ಜಾಸ್ತಿ. ಊರವರ ಕಣ್ಣಿಗೆ ಮಣ್ಣೆರಚಬೇಕಾದರೆ ಗಾಡಿ ಫಳಫಳ ತೊಳೆದಿಡುತ್ತಿದ್ದ. ಎಲ್ಲರೂ ಮಾಡುವುದು ಅದನ್ನೇ. ಇದನ್ನು ಅವನು ಮಾಡಿದ್ದು ಒಬ್ಬಳಿಗಾಗಿ. ಕೊಳೆ ಸುಳ್ಳು ಹೇಳಲ್ಲ ಎಂದು ನಂಬುವವಳು ಇಡೀ ಊರಿನಲ್ಲಿ ಒಬ್ಬಳೇ. 'ತೊಳೆದಿಟ್ರೆ ನೀನು ನಂಬಲ್ಲ ಅಂತ ಗೊತ್ತಿಲ್ವಾ ನಂಗೆ?' ಎಂದನಲ್ಲ, ಅವತ್ತು ಅವನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ.

ಪೈಪಕ್ಕನಿಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಡಿಪೋದಲ್ಲಿ ಎದೆ ಸೆಟೆಸಿ ಹೇಳಿದ ಮಾತೆಲ್ಲ ನೆನಪಾಯಿತು. ಊರ ಕಳ್ಳರನ್ನೆಲ್ಲ ಹಿಡಿದವಳಿಗೆ ಮನೆಯವನು ಮೋಸ ಮಾಡಿದ್ದ, ಅದೂ ಆಕೆಯೇ ಹೇಳಿಕೊಟ್ಟ ಅಂಟಿನಲ್ಲಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

"ಫೋನ್ ಮಾಡ್ಲಾ? ಬಂದು ತಗೊಂಡು ಹೋಗ್ಲಿ," ಎಂದ ದರ್ಜಿ.

"ಬೇಡ. ನಾಲ್ಕು ಗಂಟೆಗೆ ಬರ್ತಾನಲ್ಲ," ಎಂದು ಎದ್ದಳು. ಉಂಡೆಯನ್ನು ಕಿಟಕಿಯ ಮೇಲಿಟ್ಟಳು. "ಆ ವ್ಯಾಕ್ಸಿನ ಡಬ್ಬಿ ಕೊಡಿ."

ಈ ಹೆಂಗಸಿಗೆ ತಲೆ ಕೆಟ್ಟಿತೇ ಎಂದು ನೀವು ಕೇಳಬಹುದು, ದರ್ಜಿಗೂ ಹಾಗೇ ಅನಿಸಿತು. ಆಕೆ ಗಾಡಿಯನ್ನು ನೆರಳಿಗೆ ತಂದು, ಒರೆಸಿ ಒಣಗಿಸಿ, ವ್ಯಾಕ್ಸ್ ಹಚ್ಚತೊಡಗಿದಳು. ಬಿಸಿಯಿರುವ ತಗಡಿಗೆ ವ್ಯಾಕ್ಸ್ ಹಚ್ಚಬಾರದು, ಕಲೆ ನಿಲ್ಲುತ್ತದೆ. ಒಂದೊಂದೇ ಭಾಗಕ್ಕೆ ತೆಳುವಾಗಿ ಹಚ್ಚಿ, ಬೆಳ್ಳಗೆ ಮಂಜಿನಂತಾಗುವ ತನಕ ಕಾದು, ಬನಿಯನ್ ಬಟ್ಟೆಯಿಂದ ಉಜ್ಜಿ ತೆಗೆಯಬೇಕು. ಅವಸರ ಮಾಡುವ ಹಾಗಿಲ್ಲ. ಡ್ರೈವರ್ ಕಡೆಗೆ ಒಂದು ಸಲ ಹಚ್ಚಿದಳು. ಪಟ್ಟಿಯ ಕಡೆಗೆ ಮೂರು ಸಲ. ಮಧ್ಯಾಹ್ನದ ಊಟಕ್ಕೆ ಕರೆದರೆ ಬರಲಿಲ್ಲ. ಉಜ್ಜಿದಳು, ಉಜ್ಜಿದಳು, ಭುಜ ಸೋತಾಗ ಕೈ ಬದಲಿಸಿ ಉಜ್ಜಿದಳು. ಉಜ್ಜುತ್ತಿದ್ದಂತೆ ನಡುವೆ ಎಲ್ಲೋ ಅಳು ಬಂತು. ಅದನ್ನೂ ಮೊಣಕೈಯಲ್ಲಿ ಒರೆಸಿಕೊಂಡಳು.

ಮೂರೂವರೆಗೆ ಕೆಲಸ ಮುಗಿಯಿತು. ಗಾಡಿ ಕನ್ನಡಿಯಾಗಿತ್ತು. ಆಗ ದರ್ಜಿಗೂ ಅರ್ಥವಾಯಿತು. ಎದುರು ಮನೆಯ ಕಿಟಕಿಯ ಸರಳುಗಳು ಡ್ರೈವರ್ ಕಡೆಯ ಬಾಗಿಲಲ್ಲಿ ಗೆರೆ ಎಳೆದಂತೆ ನೇರವಾಗಿ ಕಾಣುತ್ತಿದ್ದವು. ಇನ್ನೊಂದು ಬಾಗಿಲಲ್ಲಿ ಈ ಮನೆಯದೇ ಬಟ್ಟೆ ಒಣಹಾಕುವ ತಂತಿ ಹಾವಿನಂತೆ ಡೊಂಕುಡೊಂಕಾಗಿ ಹರಿದಿತ್ತು. ಕೆಸರು ಮುಚ್ಚಿಟ್ಟದ್ದನ್ನು ಹೊಳಪು ಬಿಚ್ಚಿ ತೋರಿಸಿತ್ತು. ಆಯುಷ್ಯವಿಡೀ ಪಾಲಿಷನ್ನು ಬೈದವಳು ಇದನ್ನು ಐವತ್ತೆಂಟರಲ್ಲಿ ಕಲಿಯಬೇಕಾಯಿತು.

ತಮ್ಮ ನಾಲ್ಕಕ್ಕೆ ಸರಿಯಾಗಿ ಬಂದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ. ಗಾಡಿ ನೋಡಿ ಬೀದಿಯ ಕೊನೆಯಿಂದಲೇ ಕೂಗಿದ: "ಅಕ್ಕಾ! ಏನಕ್ಕಾ ಇದು, ಶೋರೂಮಿಂದ ಇಳಿಸಿದ ಹಂಗಿದೆ!"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವನು ಒಂದು ಗಳಿಗೆ ತಡೆದು ನಿಂತ, ಆಕೆ ಏನೋ ಕೇಳುತ್ತಾಳೆ ಎನ್ನುವ ಹಾಗೆ. ಆಕೆ ಕೇಳಲಿಲ್ಲ.

"ಬಾ. ನಿನ್ ಸೀಟಿನ ಕಡೆ ಬಾ," ಎಂದಳು. "ಆ ಬಾಗಿಲಲ್ಲಿ ಮುಖ ನೋಡ್ಕೋ."

ಅವನು ನಗುತ್ತಲೇ ಬಗ್ಗಿದ. ಬಾಗಿಲಲ್ಲಿ ಅವನ ಮುಖ ಒಂದು ಕಡೆಗೆ ಊದಿ, ಬಾಯಿ ಕಿವಿಯ ಹತ್ತಿರ ಹೋಗಿತ್ತು. ಮೂವತ್ತು ವರ್ಷದ ಟಿಂಕರಿಗೆ ಅದೇನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೆಟ್ಟಗಾದಾಗ ನಗು ಇರಲಿಲ್ಲ.

"ಹಳೇ ಗಾಡಿ ಅಂದ್ಮೇಲೆ ಅಲ್ಲಲ್ಲಿ ಪಟ್ಟಿ ಇರುತ್ತೆ ಅಕ್ಕ. ನಾನೂ ಕೆಸರಲ್ಲಿ ಸರಿಯಾಗಿ ನೋಡಿರ್ಲಿಲ್ಲ. ಆ ಹಳೇ ಮಾಲೀಕ..."

"ಕೈ ಕೊಡು."

ಚಿಕ್ಕವನಾಗಿದ್ದಾಗ ಕೊಡುತ್ತಿದ್ದಂತೆ ಕೈ ಚಾಚಿದ. ಆಕೆ ಆ ನೀಲಿ ಉಂಡೆಯನ್ನು ಅವನ ಅಂಗೈ ಮೇಲಿಟ್ಟಳು. ತಮ್ಮ ನೋಡಿದ. ಮೂಗಿನ ಹತ್ತಿರ ಒಯ್ಯಬೇಕಾಗಲಿಲ್ಲ.

"ಒಂದು ವಾರ ನಿಲ್ಲೋ ಕೆಸರಿಗೆ ಮೈಲುತುತ್ತ ಯಾಕೋ ಹಾಕ್ದೆ? ಅದೊಂದು ಹಾಕ್ದೇ ಇದ್ದಿದ್ರೆ ನಿನ್ನ ಬಿಟ್ಟು ಬೇರೆ ಎಲ್ಲರನ್ನೂ ಅನುಮಾನಿಸ್ತಿದ್ದೆ."

"ಗೊತ್ತಿಲ್ಲ ಅಕ್ಕ." ತಮ್ಮ ಉಂಡೆಯನ್ನು ತಿರುಗಿಸಿ ನೋಡಿದ. "ಕೈ ತಾನಾಗೇ ಹಾಕ್ಬಿಡ್ತು. ನೀನು ಹೇಳಿಕೊಟ್ಟಿದ್ದಲ್ವಾ."

ಮತ್ತೆ ತಮ್ಮನೇ ಒಂದೇ ಉಸಿರಿನಲ್ಲಿ ಹೇಳಿದ: "ಎರಡು ವರ್ಷದಿಂದ ಶೆಡ್ಡಲ್ಲೇ ಬಿದ್ದಿತ್ತು. ಬಂದವರೆಲ್ಲ ತಟ್ಟಿ ನೋಡಿ ಹೋಗ್ತಿದ್ರು. ನಿಜ ಹೇಳಿದ್ರೆ ನೀನೂ ತಗೊಳ್ಳಲ್ಲ ಅಂದ್ಕೊಂಡೆ."

"ತಗೊಳ್ತಿದ್ದೆ ಕಣೋ," ಎಂದಳು ಪೈಪಕ್ಕ. "ಅಕ್ಕ, ಇದು ಜಜ್ಜಿದ ಗಾಡಿ, ಯಾರೂ ತಗೊಳ್ತಿಲ್ಲ, ನೀನು ತಗೋ ಅಂದಿದ್ರೆ ಎರಡನೇ ಮಾತಾಡ್ದೆ ತಗೊಳ್ತಿದ್ದೆ. ನೀನು ಕೊಟ್ಟಿದ್ದು ಅಂತ ತಗೊಂಡಿದ್ದು, ಗಾಡಿ ಅಂತ ಅಲ್ಲ."

ತಮ್ಮ ಅತ್ತ. ನಲವತ್ತೊಂಬತ್ತು ವರ್ಷದ ಗಂಡಸು, ಇಸ್ತ್ರಿ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡು ಅತ್ತ. "ವಾಪಸ್ ತಗೊಂಡ್ ಹೋಗ್ತೀನಿ. ಇವತ್ತೇ ಎಲ್ಲ ವಾಪಸ್ ಕೊಡ್ತೀನಿ," ಎಂದ.

"ಗಾಡಿ ಇಲ್ಲೇ ಇರ್ಲಿ. ಪಾಪ, ಅದೇನು ಮಾಡಿದೆ? ಬೆಳಗ್ಗೆಯಿಂದ ನನ್ ಹತ್ರ ಒಂದು ಸುಳ್ಳೂ ಹೇಳಿಲ್ಲ." ಆಕೆ ಸೊಂಟದಿಂದ ಬೀಗದ ಕೈ ತೆಗೆದಳು. "ರೀ, ಅಳತೆ ಪಟ್ಟಿ ತೆಗೆದಿಟ್ಟು ಬನ್ನಿ. ಹತ್ತಿ."

ದರ್ಜಿ ಒಮ್ಮೆ ಭಾವಮೈದನನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಗೆದ್ದವನ ಮುಖ ಅವನದಾಗಿರಲಿಲ್ಲ. ಡೊಂಕು ಬಾಗಿಲು ತೆಗೆದು, ಮೊಣಕಾಲು ಎದೆಗೆ ತಾಗಿಸಿಕೊಂಡು, ಕಷ್ಟಪಟ್ಟು ಇಳಿದು ಕೂತ.

"ಅಕ್ಕ," ಎಂದ ತಮ್ಮ, ಕಿಟಕಿಯ ಹತ್ತಿರ ಬಗ್ಗಿ. "ನನ್ನ ಕರ್ಕೊಂಡು ಹೋಗ್ತೀನಿ ಅಂದಿದ್ದೆ."

"ಎರಡೇ ಸೀಟು ಕಣೋ," ಎಂದಳು ಪೈಪಕ್ಕ, ಸ್ಟಾರ್ಟ್ ಮಾಡಿದಳು.

ಗಾಡಿ ಗುರ್ ಎಂದಿತು. ಇಷ್ಟು ವರ್ಷ ಕಾದ ಸದ್ದು ಅದು. ನೆಲ ಅಷ್ಟು ಹತ್ತಿರದಲ್ಲಿ ಓಡುವುದನ್ನು ಆಕೆ ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದಳು. ಈಗ ಓಡುತ್ತಿತ್ತು, ಆಕೆಗೆ ಕಾಣುತ್ತಿರಲಿಲ್ಲ. ಬೀದಿ ತಿರುಗುವಾಗ ಕನ್ನಡಿಯಲ್ಲಿ ತಮ್ಮ ಕಂಡ. ಇನ್ನೂ ಅಂಗೈ ಚಾಚಿಕೊಂಡೇ ನಿಂತಿದ್ದ.

ದೊಡ್ಡ ರಸ್ತೆಗೆ ಬಂದ ಮೇಲೆ ದರ್ಜಿ ಮೆಲ್ಲಗೆ ಹೇಳಿದ: "ಇವತ್ತು ನೀನು ಅವನನ್ನ ಊಟ ಆಯ್ತಾ ಅಂತ ಕೇಳ್ಲಿಲ್ಲ."

"ಗೊತ್ತು ರೀ," ಎಂದು ಪೈಪಕ್ಕ ಗೇರ್ ಬದಲಿಸಿದಳು.